ಏಳು ವ

ಯೂರುನ್ ತನ್ನ ಕಾಗದವನ್ನು ಯಾರ ಕೈಗೂ ಕೊಡುವವಳಲ್ಲ. ಹಲ್ಲುಜ್ಜುವ ಬ್ರಷ್ಷನ್ನು ಹೇಗೆ ಇನ್ನೊಬ್ಬರಿಗೆ ಕೊಡುವುದಿಲ್ಲವೋ ಹಾಗೆ. ಬೆಳಿಗ್ಗೆ ಏಳಕ್ಕೆ ವಾರ್ಡಿಗೆ ಬಂದು, ರಾತ್ರಿ ಪಾಳಿಯವರು ಬರೆದಿಟ್ಟದ್ದನ್ನು ಕಂಪ್ಯೂಟರಿನಲ್ಲಿ ಓದಿಕೊಂಡು, ಒಂದು ಬಿಳಿ ಹಾಳೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮಡಚಿದರೆ ಅದರಲ್ಲಿ ನಾಲ್ಕು ಮನೆಗಳು. ಬೆನ್ನಿಗೆ ಇನ್ನು ನಾಲ್ಕು. ಮನೆಗೊಬ್ಬ ರೋಗಿ. ಔಷಧಿಯ ಗಂಟೆಗಳು ಬಲಮೂಲೆಯಲ್ಲಿ, ಜ್ವರ, ರಕ್ತದೊತ್ತಡ, ಉಸಿರಿನ ಲೆಕ್ಕ ಕೆಳಗೆ. ಮಾಡಬೇಕಾದ ಕೆಲಸಕ್ಕೆ ಒಂದು ಖಾಲಿ ಚೌಕ, ಮಾಡಿ ಮುಗಿಸಿದ ಮೇಲೆ ಅದರೊಳಗೊಂದು ಗೀಟು. ಮರೆತರೆ ಜೀವಕ್ಕೆ ಬರುವಂಥದ್ದು ಮಾತ್ರ ಕೆಂಪು ಶಾಯಿಯಲ್ಲಿ. ಪಾಳಿ ಮುಗಿಯುವ ಹೊತ್ತಿಗೆ ಆ ಹಾಳೆ ಬೆವರಿಗೆ ಮೆತ್ತಗಾಗಿ, ಮಡಿಕೆಗಳಲ್ಲಿ ಹರಿಯುವಂತಾಗಿರುತ್ತದೆ. ಮನೆಗೆ ಹೊರಡುವ ಮೊದಲು ಅದನ್ನು, ಕಾಗದ ಚೂರು ಮಾಡಲೆಂದು ಇಟ್ಟ, ಬೀಗ ಹಾಕಿದ ಪೆಟ್ಟಿಗೆಯ ಸೀಳಿನಲ್ಲಿ ತೂರಿಸಿ ಹೋಗಬೇಕು.

ಅದರ ಮೇಲೆ ಹೆಸರು ಬರೆಯುವಂತಿಲ್ಲ. ಹದಿನೈದು ವರ್ಷದ ಹಿಂದೆ ಯಾರದೋ ಜೇಬಿನಿಂದ ಜಾರಿದ ಹಾಳೆ ಅಂಗಡಿಯ ಆಲೂಗಡ್ಡೆ ರಾಶಿಯ ಮೇಲೆ ಸಿಕ್ಕಿತ್ತು. ಸ್ಕಾರ್ವ್‌ಓಯ ದ್ವೀಪದಂಥ ಪುಟ್ಟ ಊರಿನಲ್ಲಿ ಯಾರ ಮೂಲವ್ಯಾಧಿ ಯಾವ ಹಂತದಲ್ಲಿದೆ ಎಂಬುದು ಸಂಜೆಯೊಳಗೆ ಎಲ್ಲರಿಗೂ ತಿಳಿದುಹೋಯಿತು. ಅಂದಿನಿಂದ ಕೋಣೆಯ ಸಂಖ್ಯೆ ಮತ್ತು ಒಂದು ಅಕ್ಷರ, ಅಷ್ಟೇ. ಎರಡು ಮಂಚದ ಕೋಣೆಗಳಲ್ಲಿ ಅಲ್ಲಿಯ ಭಾಷೆಯ ದೋರ್, ಅಂದರೆ ಬಾಗಿಲ ಪಕ್ಕದ ಮಂಚ, 'ದ'. ವಿಂದು, ಅಂದರೆ ಕಿಟಕಿ ಪಕ್ಕದ ಮಂಚ, 'ವ'. ಹದಿನಾಲ್ಕು ವರ್ಷಗಳಿಂದ ಯೂರುನ್ ಹೀಗೆ ಬರೆಯುತ್ತಿದ್ದಳು. ಕೈ ತಾನೇ ಬರೆಯುವಷ್ಟು ರೂಢಿಯಾಗಿತ್ತು.

ಆ ಮಾರ್ಚ್ ತಿಂಗಳ ಶುಕ್ರವಾರ ಅವಳ ಹಾಳೆಯಲ್ಲಿ ಕೆಂಪು ಶಾಯಿ ಒಂದೇ ಮನೆಯಲ್ಲಿತ್ತು. ಏಳು ವ.

ಏಳನೆಯ ಕೋಣೆಯ ಕಿಟಕಿ ಪಕ್ಕದಲ್ಲಿ ಗುನ್‌ವೋರ್ ಮಲಗಿದ್ದರು. ಎಪ್ಪತ್ತೆಂಟು ವರ್ಷ, ಮೂವತ್ತು ವರ್ಷ ಕರಾವಳಿ ರೇಡಿಯೊ ಕೇಂದ್ರದಲ್ಲಿ ಕೂತು, ಬಿರುಗಾಳಿಗೆ ಸಿಕ್ಕ ಮೀನು ದೋಣಿಗಳೊಂದಿಗೆ ಮಾತಾಡಿದವರು. ಎರಡು ದಿನದ ಹಿಂದೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಬಲಗೈ ಬಲಗಾಲು ಸೋತುಹೋಗಿದ್ದವು. ಮಾತೂ ಹೋಗಿತ್ತು, ಒಂದನ್ನು ಬಿಟ್ಟು. 'ಹೂಂ' ಎನ್ನುತ್ತಿದ್ದರು. ನೋವಿದೆಯಾ ಎಂದರೆ ಹೂಂ, ನೋವಿಲ್ಲವಾ ಎಂದರೂ ಹೂಂ.

ಬೆಳಗಿನ ಮೊಸರು ತಿಂದ ಮೇಲೆ ಅವರು ಅಂದ ಹೂಂ ಯೂರುನ್‌ಳ ಕಿವಿಗೆ ಸರಿ ಬರಲಿಲ್ಲ. ಕೆಮ್ಮಲಿಲ್ಲ, ಉಸಿರು ಕಟ್ಟಲಿಲ್ಲ. ದನಿಯ ಅಡಿಯಲ್ಲಿ ಮಾತ್ರ ಏನೋ ಒದ್ದೆಯಾಗಿತ್ತು, ನೀರು ನಿಂತ ಕೊಳವೆಯಲ್ಲಿ ಊದಿದ ಹಾಗೆ. 'ದನಿ ಒದ್ದೆ?' ಎಂದು ಕೆಂಪಿನಲ್ಲಿ ಬರೆದುಕೊಂಡು, ನುಂಗುವುದನ್ನು ಪರೀಕ್ಷಿಸುವ ತಜ್ಞೆಗೆ ಫೋನು ಮಾಡಿದಳು. ಆಕೆ ಬಂದದ್ದು ಹನ್ನೊಂದೂ ಇಪ್ಪತ್ತಕ್ಕೆ. ಗುನ್‌ವೋರ್ ಗಂಟಲ ಮೇಲೆ ಎರಡು ಬೆರಳಿಟ್ಟು, ಒಂದು ಚಮಚ ನೀರು ಕೊಟ್ಟು, ಕಣ್ಣು ಮುಚ್ಚಿ ಕಾದಳು. ಇನ್ನೊಂದು ಚಮಚ. ಆಮೇಲೆ ಯೂರುನ್‌ಳನ್ನು ಕಾರಿಡಾರಿಗೆ ಕರೆದಳು.

"ಒಳ್ಳೇದಾಯ್ತು ನೀನು ಕರೆದಿದ್ದು. ಶ್ವಾಸಕೋಶದ ಕಡೆ ಹೋಗ್ತಿದೆ. ಹೋದ್ರೂ ಇವರು ಕೆಮ್ಮಲ್ಲ, ಗಂಟಲಿಗೆ ಗೊತ್ತೇ ಆಗ್ತಿಲ್ಲ. ನೋಡಿದವರಿಗೆ ಚೆನ್ನಾಗೇ ನುಂಗ್ತಿದಾರೆ ಅನ್ಸತ್ತೆ. ಬಾಯಿಗೆ ಏನೂ ಬೇಡ, ಹನಿ ನೀರೂ ಬೇಡ. ಇವರ ವಯಸ್ಸಿಗೆ, ಈ ಸ್ಥಿತಿಗೆ, ಒಂದು ಬಟ್ಟಲು ಊಟ ಒಳಗೆ ಹೋದ್ರೆ ನ್ಯುಮೋನಿಯಾ ಬಂದು ಅಲ್ಲಿಗೇ ಮುಗೀತು. ನಾನು ಮಧ್ಯಾಹ್ನ ಕಂಪ್ಯೂಟರಿಗೆ ಹಾಕ್ತೀನಿ."

ಯೂರುನ್ ಕೆಂಪಿನಲ್ಲಿ ಬರೆದಳು: 'ಬಾಯಿಗೆ ಏನೂ ಇಲ್ಲ.' ಎರಡು ಸಲ ಅಡಿಗೆರೆ ಎಳೆದಳು.

ಊಟದ ಪಟ್ಟಿ ಹನ್ನೊಂದಕ್ಕೇ ಅಚ್ಚಾಗಿ ಹೋಗಿತ್ತು. ಅದರಲ್ಲಿ ಗುನ್‌ವೋರ್ ಹೆಸರಿನ ಮುಂದೆ ಅಕ್ಕಿ ಗಂಜಿ ಎಂದಿತ್ತು. ಇಂಥ ರೋಗಿಗಳ ತಲೆದೆಸೆಯಲ್ಲಿ ತೂಗುಹಾಕುವ ಕೆಂಪು ಫಲಕಕ್ಕೆ ಡ್ರಾಯರು ತೆಗೆದರೆ ಅಲ್ಲಿ ಫಲಕವಿಲ್ಲ. ಇದ್ದೊಂದು ಎರಡನೇ ಕೋಣೆಯಲ್ಲಿ ತೂಗುತ್ತಿತ್ತು. ಹೊಸದು ಅಚ್ಚು ಹಾಕಲು ಹೋದರೆ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಿತು. ಅದನ್ನು ಎಳೆಯುತ್ತಿರುವಾಗ ನಾಲ್ಕನೇ ಕೋಣೆಯ ಗಂಟೆ ಬಾರಿಸಿತು. ಹೋಗಿ ಬರುವಷ್ಟರಲ್ಲಿ ಹನ್ನೊಂದೂ ನಲವತ್ತೈದು.

ಮೇಜಿನ ಬಳಿ ತೋರಿಲ್ ಫೋನು ಕಿವಿಗೊತ್ತಿಕೊಂಡು ಕೂತಿದ್ದಳು. ಅವಳು ಈ ವಾರ್ಡಿನವಳಲ್ಲ. ಇಲ್ಲಿಯ ಇಬ್ಬರು ನರ್ಸುಗಳಿಗೆ ವಾಂತಿಭೇದಿಯಾಗಿ, ಮೇಲಿನ ಮಹಡಿಯ ಶಸ್ತ್ರಚಿಕಿತ್ಸೆ ವಾರ್ಡಿನಿಂದ ಅವಳನ್ನು ಒಂದು ದಿನಕ್ಕೆ ಎರವಲು ತಂದಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು.

"ಔಷಧಿ ಅಂಗಡಿಯವರು ಸಂಗೀತ ಕೇಳಿಸ್ತಿದಾರೆ," ಎಂದಳು ಫೋನು ತೋರಿಸಿ. "ಇನ್ನೊಂದು ಹಾಡು ಮುಗಿದ್ರೆ ಟಿಕೆಟ್ ಕೇಳ್ತಾರೆ. ನೀನು ಹೋಗಿ ತಿನ್ನು. ನೀನು ಹೋಗದೆ ನಾನು ಹೋಗೋ ಹಾಗಿಲ್ಲ, ನನ್ನ ಹೊಟ್ಟೆ ಆಗ್ಲೇ ಬೈತಿದೆ."

ಯೂರುನ್ ಹಳದಿ ಚೀಟಿಯೊಂದನ್ನು ಕಿತ್ತು ಮೂರು ಸಾಲು ಬರೆದಳು.

4 – 12 ಕ್ಕೆ ಆ್ಯಂಟಿಬಯಾಟಿಕ್
7ವ – ಬಾಯಿಗೆ ಏನೂ ಇಲ್ಲ!
9 – ಬಚ್ಚಲಿಗೆ ಇಬ್ಬರು ಬೇಕು

ಚೀಟಿಯನ್ನು ತೋರಿಲ್ ಮುಂದಿಟ್ಟು ನಡುವಿನ ಸಾಲಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿದಳು. ಅಷ್ಟರಲ್ಲಿ ಆ ಕಡೆಯಿಂದ ಯಾರೋ ಫೋನಿನಲ್ಲಿ ಮಾತಾಡತೊಡಗಿದರು. ತೋರಿಲ್ ಚೀಟಿ ಓದಿ, ಹೆಬ್ಬೆರಳೆತ್ತಿ, 'ಹೋಗು' ಎಂದು ಕೈಬೀಸಿದಳು.

ಊಟದ ಕೋಣೆಯಲ್ಲಿ ಯೂರುನ್ ಡಬ್ಬಿ ತೆರೆದು, ಕಂದು ಚೀಸಿನ ಬ್ರೆಡ್ಡನ್ನು ಕಚ್ಚಿದಳು. ಬೆಣ್ಣೆ ಕಾಗದ ಬಿಡಿಸುವಾಗಲೂ ಮನಸ್ಸು ಏಳನೇ ಕೋಣೆಯಲ್ಲೇ ಇತ್ತು. ಅವಳನ್ನು ಕಾಡುತ್ತಿದ್ದದ್ದು ಫಲಕ. ತೋರಿಲ್ ಬಾತ್‌ರೂಮಿಗೆ ಹೋದಾಗ ಅಡುಗೆಮನೆಯವರು ತಾವೇ ಬಟ್ಟಲು ಇಟ್ಟು ಹೋದರೆ? ಗುನ್‌ವೋರ್ ಎಡಗೈ ಚೆನ್ನಾಗಿದೆ. ಚಮಚ ಎತ್ತಬಲ್ಲರು. ಬೇಕಾ ಎಂದು ಕೇಳಿದರೆ ಹೂಂ ಎನ್ನುತ್ತಾರೆ. ಚೀಟಿಯ ಬಗ್ಗೆ ಮಾತ್ರ ಅವಳಿಗೆ ಒಂದಿಷ್ಟೂ ಅನುಮಾನ ಬರಲಿಲ್ಲ. ತಾನೇ ಬರೆದದ್ದು, ತಾನೇ ಕುಟ್ಟಿ ತೋರಿಸಿದ್ದು.

ಅರ್ಧ ಬ್ರೆಡ್ಡನ್ನು ಡಬ್ಬಿಗೆ ವಾಪಸು ಹಾಕಿ ಎದ್ದಳು. ಕೆಳಗಿನ ಕಚೇರಿಯ ಪ್ರಿಂಟರಿನಲ್ಲಿ ಫಲಕ ಅಚ್ಚು ಹಾಕಿಸಿಕೊಂಡು, ಹನ್ನೆರಡೂ ಎಂಟಕ್ಕೆ ಏಳನೇ ಕೋಣೆಯ ಬಾಗಿಲು ತಳ್ಳಿದಳು.

ಬಾಗಿಲ ಪಕ್ಕದ ಮಂಚದಲ್ಲಿ ಸಿಗ್ನೆ ಎರಡು ಕೈಯನ್ನೂ ಹೊದಿಕೆಯ ಮೇಲಿಟ್ಟು, ತೀರ್ಪು ಕೊಡಲು ಕೂತ ನ್ಯಾಯಾಧೀಶರ ಹಾಗೆ ನೆಟ್ಟಗೆ ಕೂತಿದ್ದರು. ಎಂಬತ್ತನಾಲ್ಕು ವರ್ಷ. ತಲೆಸುತ್ತಿಗೆಂದು ಬಂದವರು, ನಾಳೆ ಮನೆಗೆ ಹೋಗುವವರು.

"ಬಾರೇ ಹುಡುಗಿ," ಎಂದರು. "ನಾನು ನಿಮಗೇನು ಅನ್ಯಾಯ ಮಾಡಿದ್ದೆ ಅಂತ ಹೇಳು. ವಾರಕ್ಕೊಂದು ದಿನ ಗಂಜಿ ಬರತ್ತೆ, ಅವತ್ತೇ ನನಗೆ ಉಪವಾಸ."

"ನಿಮಗೆ ಯಾಕೆ ಉಪವಾಸ?"

"ಅದನ್ನ ನೀನು ಹೇಳ್ಬೇಕು. ಆ ಮೇಲಿನ ಮಹಡಿಯವಳು ಬಂದು, ನಿಮಗೆ ಬಾಯಿಗೆ ಏನೂ ಇಲ್ಲ ಅಂದ್ಲು. ನನ್ನ ಕಾಫೀನೂ ಎತ್ತಿಕೊಂಡು ಹೋದ್ಲು. ಅರ್ಧ ಕುಡಿದಿದ್ದೆ. ಜೈಲಿನಲ್ಲೂ ಹೀಗೆ ಮಾಡಲ್ಲ."

ಸಿಗ್ನೆಗೆ ಇಲ್ಲ ಎಂದಿದ್ದಾರೆ. ಹಾಗಾದರೆ ಗಂಜಿ ಯಾರಿಗೆ ಹೋಯಿತು ಎಂದು ಯೋಚಿಸುವುದಕ್ಕೆ ಮೊದಲೇ ಅವಳ ಕಾಲು ಕೋಣೆಯ ಬಲಮೂಲೆಗೆ ನಡೆದಿತ್ತು. ಎಳೆದಿದ್ದ ಪರದೆಯನ್ನು ಸರಿಸಿದಳು.

ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ತೋರಿಲ್ ಕುರ್ಚಿಯಲ್ಲಿ ಕೂತಿದ್ದಳು. ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಚಮಚ. ಗುನ್‌ವೋರ್ ಕುತ್ತಿಗೆಗೆ ಟವೆಲು ಕಟ್ಟಿತ್ತು. ಬಟ್ಟಲು ಅರ್ಧ ಖಾಲಿಯಾಗಿತ್ತು.

"ಎಷ್ಟು ಚೆನ್ನಾಗಿ ತಿಂತಿದಾರೆ ನೋಡು," ಎಂದಳು ತೋರಿಲ್. "ಒಂದು ಸಲಾನೂ ಕೆಮ್ಮಿಲ್ಲ."

"ಚಮಚ ಕೆಳಗಿಡು," ಎಂದಳು ಯೂರುನ್. ದನಿ ಎತ್ತಲಿಲ್ಲ. ತೋರಿಲ್ ಆ ದನಿಯನ್ನು ಗುರುತಿಸಿದಳು; ಮೂವತ್ತು ವರ್ಷ ಕೆಲಸ ಮಾಡಿದ ಯಾವ ನರ್ಸಾದರೂ ಗುರುತಿಸುತ್ತಾಳೆ. ಏಕೆ ಎಂದು ಕೇಳದೆ ಚಮಚ ಇಟ್ಟಳು.

"ಬಾಯಿಗೆ ಏನೂ ಕೊಡಬಾರದಾಗಿದ್ದು ಇವರಿಗೆ."

"ನೀನು ಎಡ ಅಂತ ಬರ್ದಿದ್ದೆ."

"ನಾನು ಎಡ ಅಂತ ಬರೆದಿಲ್ಲ. ಸಕ್ಷನ್ ತಾ. ಸಿವರ್ಟ್‌ನ ಕರಿ."

ಯೂರುನ್ ಗುನ್‌ವೋರ್‌ರನ್ನು ಇನ್ನಷ್ಟು ನೆಟ್ಟಗೆ ಕೂರಿಸಿ, ತಲೆಯನ್ನು ಮುಂದಕ್ಕೆ ಬಾಗಿಸಿ, ಕೈಗವಸು ಹಾಕಿಕೊಂಡು ಬಾಯೊಳಗೆ ಬೆರಳಿಟ್ಟಳು. ಸೋತ ಬಲಗೆನ್ನೆಯ ಒಳಗೆ ಗಂಜಿ ಉಂಡೆಯಾಗಿ ನಿಂತಿತ್ತು. ಬೆರಳಿನಲ್ಲಿ ಬಳಿದು ಬಳಿದು ತೆಗೆದಳು. ತೋರಿಲ್ ಯಂತ್ರ ತಂದಳು. ಕೊಳವೆ ಗುರ್ರೆನ್ನುತ್ತ ಉಳಿದದ್ದನ್ನು ಹೀರಿತು. ಹಾಲು, ಅಕ್ಕಿಯ ಅಗುಳು, ದಾಲ್ಚಿನ್ನಿಯ ಕಂದು ಎಳೆಗಳು. ಗುನ್‌ವೋರ್ ತಿಳಿನೀಲಿ ಕಣ್ಣುಗಳಿಂದ ಅವಳನ್ನೇ ನೋಡುತ್ತಿದ್ದರು. ಅವರಿಗೆ ಏನು ಅರ್ಥವಾಗುತ್ತಿದೆ, ಏನಿಲ್ಲ ಎಂದು ಯಾರಿಗೂ ಗೊತ್ತಿರಲಿಲ್ಲ.

"ಗುನ್‌ವೋರ್, ನಮ್ಮಿಂದ ಒಂದು ತಪ್ಪಾಯ್ತು," ಎಂದಳು ಯೂರುನ್. "ನಿಮಗೆ ಗಂಜಿ ಕೊಡಬಾರದಾಗಿತ್ತು. ಈಗ ಡಾಕ್ಟರು ಎದೆ ನೋಡ್ತಾರೆ. ನಾನು ಇಲ್ಲೇ ಇರ್ತೀನಿ."

"ಹೂಂ," ಎಂದರು ಗುನ್‌ವೋರ್. ದನಿ ಒದ್ದೆಯಾಗಿತ್ತು.

ಬೆರಳಿಗೆ ಸಿಕ್ಕಿಸಿದ ಚಿಮಟ ಆಮ್ಲಜನಕವನ್ನು ತೊಂಬತ್ತೊಂದು ಎಂದು ತೋರಿಸಿತು. ಬೆಳಿಗ್ಗೆ ತೊಂಬತ್ತಾರು ಇತ್ತು.

ಸಿವರ್ಟ್ ಆ ವರ್ಷವೇ ಕಾಲೇಜು ಮುಗಿಸಿ ಬಂದ ಡಾಕ್ಟರು. ಕಿವಿಗೆ ನಳಿಗೆ ಹಾಕಿಕೊಂಡು ಬೆನ್ನ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದ. ಬಲಗಡೆ ಕೆಳಗೆ ಬಂದಾಗ ನಿಂತ. ಅಲ್ಲೇ ಮತ್ತೊಮ್ಮೆ ಕೇಳಿದ.

"ಬಲಗಡೆ ತಳದಲ್ಲಿ ಸದ್ದಿದೆ. ಎಷ್ಟು ತಿಂದ್ರು?"

"ಅರ್ಧ ಬಟ್ಟಲು," ಎಂದಳು ತೋರಿಲ್. "ಸರಿಯಾಗಿ ಎಣಿಸಿಲ್ಲ."

"ಹನ್ನೊಂದು ಚಮಚ," ಎಂದಿತು ಪರದೆಯ ಆಚೆಯಿಂದ ಒಂದು ದನಿ.

ಮೂವರೂ ತಿರುಗಿದರು.

"ಪರದೆ ಪೂರ್ತಿ ಮುಚ್ಚಿರ್ಲಿಲ್ಲ," ಎಂದರು ಸಿಗ್ನೆ. "ಹಸಿದವಳಿಗೆ ಇನ್ನೊಬ್ಬರ ಚಮಚ ಎಣಿಸೋದು ಬಿಟ್ಟು ಬೇರೇನು ಕೆಲಸ? ಹನ್ನೊಂದು. ಕೊನೇ ಎರಡು ಅವಳು ನುಂಗಿದ್ದು ನಾನು ನೋಡ್ಲಿಲ್ಲ. ಕೆನ್ನೆ ಉಬ್ಬಿತ್ತು. ನಾನು ಹೇಳ್ಬೇಕಿತ್ತೇನೋ. ಹೊಟ್ಟೆಕಿಚ್ಚು ಅಂದ್ಕೋತೀರಿ ಅಂತ ಸುಮ್ಮನಿದ್ದೆ."

ಸಿವರ್ಟ್ ಅದನ್ನು ಅಂಗೈ ಮೇಲೆ ಬರೆದುಕೊಂಡ. ಎರಡು ಲೀಟರ್ ಆಮ್ಲಜನಕ, ಎದೆಯ ಎಕ್ಸ್‌ರೇ, ಕಾಲು ಗಂಟೆಗೊಮ್ಮೆ ಉಸಿರು, ನಾಡಿ, ಜ್ವರ. ತನ್ನ ಮೇಲಿನ ಡಾಕ್ಟರಿಗೆ ಫೋನು ಮಾಡುತ್ತೇನೆ ಎಂದು ಹೊರಟವನು ಬಾಗಿಲಲ್ಲಿ ನಿಂತು ಯೂರುನ್‌ಳಿಗೆ ಮಾತ್ರ ಕೇಳುವಂತೆ ಹೇಳಿದ: "ಮುಂದಿನ ಮೂರ್ನಾಲ್ಕು ಗಂಟೇಲಿ ಗೊತ್ತಾಗತ್ತೆ. ಇಳಿದ್ರೆ ಬೇಗ ಇಳೀತಾರೆ. ಅವರನ್ನ ವೆಂಟಿಲೇಟರಿಗೆ ಹಾಕಲ್ಲ ಅಂತ ಕಡತದಲ್ಲಿ ಬರ್ದಿದೆ. ನೋಡಿದೀಯಲ್ಲ?"

ನೋಡಿದ್ದಳು. ಅದೂ ಅವಳ ಹಾಳೆಯಲ್ಲಿತ್ತು, ಕೆಳಮೂಲೆಯಲ್ಲಿ, ಎರಡೇ ಅಕ್ಷರಗಳಲ್ಲಿ.

ಔಷಧಿ ಕೋಣೆಯಲ್ಲಿ ಆಮ್ಲಜನಕದ ಕೊಳವೆ ಹುಡುಕುವಾಗ ತೋರಿಲ್ ಹಿಂದೆಯೇ ಬಂದಳು. ಬಾಗಿಲು ಮುಚ್ಚಿ, ಹಳದಿ ಚೀಟಿಯನ್ನು ಮೇಜಿನ ಮೇಲಿಟ್ಟಳು.

"ಇಲ್ನೋಡು. ಏಳು ವ. ವೆನ್ಸ್ತ್ರೆ. ಎಡ. ಬಾಗಿಲಲ್ಲಿ ನಿಂತು ನೋಡಿದ್ರೆ ಎಡಗಡೆ ಮಂಚ ಸಿಗ್ನೆದು. ಸರಿಯೋ ತಪ್ಪೋ?"

ಯೂರುನ್ ಅಕ್ಷರವನ್ನು ನೋಡಿದಳು. ಅದೇ 'ವ'. ಕಿಟಕಿಯ ವಿಂದುವಿಗೂ ಅದೇ, ಎಡಕ್ಕೆ ಹೇಳುವ ವೆನ್ಸ್ತ್ರೆಗೂ ಅದೇ. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ಅವಳಿಗೆ ಇದು ಹೊಳೆದಿರಲಿಲ್ಲ.

"ಇಲ್ಲಿ ವ ಅಂದ್ರೆ ಕಿಟಕಿ," ಎಂದಳು. "ಕಿಟಕಿ, ಬಾಗಿಲು. ಎಲ್ಲ ಕೋಣೆಯಲ್ಲೂ ಹಾಗೇ."

"ನಮ್ಮಲ್ಲಿ ಮಂಚಗಳು ಎದುರುಬದುರು. ಎಡ, ಬಲ. ಯಾರೂ ಕಿಟಕಿ ಅನ್ನಲ್ಲ. ನನಗೇನು ಕನಸು ಬೀಳತ್ತಾ? ಒಂದು ಮಾತು ಬಾಯಿಬಿಟ್ಟು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೀನು ಫೋನಲ್ಲಿದ್ದೆ."

"ಕಿವಿ ಒಂದೇ ಇರೋದಾ ನನಗೆ?" ಎಂದ ತೋರಿಲ್ ಕೌಂಟರಿನ ಅಂಚು ಹಿಡಿದು ನಿಂತಳು. "ನಾನೂ ಕೇಳ್ದೆ ಅವರನ್ನ. ಗಂಜಿ ಬೇಕಾ ಅಂದೆ, ಹೂಂ ಅಂದ್ರು. ನೀವು ತಿನ್ನಬಹುದಲ್ವಾ ಅಂತಾನೂ ಕೇಳ್ದೆ. ಹೂಂ ಅಂದ್ರು. ಅವರು ಎಲ್ಲಕ್ಕೂ ಹೂಂ ಅಂತಾರೆ ಅಂತ ನನಗೆ ಯಾರು ಹೇಳಿದ್ರು?"

ಯಾರೂ ಹೇಳಿರಲಿಲ್ಲ. ಅದನ್ನು ಎಲ್ಲೂ ಬರೆದಿರಲಿಲ್ಲ ಕೂಡ. ಎಲ್ಲರಿಗೂ ಗೊತ್ತಿದೆ ಎಂದುಕೊಂಡು ಯೂರುನ್ ತನ್ನ ಹಾಳೆಯಲ್ಲೂ ಬರೆದುಕೊಂಡಿರಲಿಲ್ಲ.

"ನೀನು ಊಟಕ್ಕೆ ಹೋಗು," ಎಂದಳು.

"ಊಟ ಹಾಳಾಗ್ಲಿ. ನಿನ್ನ ನಾಲ್ಕೂ ಒಂಬತ್ತೂ ನಾನು ನೋಡ್ಕೋತೀನಿ. ನೀನು ಏಳರಿಂದ ಕದಲಬೇಡ. ಆಮೇಲೆ ಜಗಳ ಆಡೋಣ, ನಾನೇನು ಮರೆಯೋಳಲ್ಲ."

ಹನ್ನೆರಡೂ ನಲವತ್ತಕ್ಕೆ ತೊಂಬತ್ತೊಂದು. ಐವತ್ತೈದಕ್ಕೆ ತೊಂಬತ್ತು, ಸಿವರ್ಟ್ ಹೇಳಿದಂತೆ ಆಮ್ಲಜನಕವನ್ನು ಮೂರು ಲೀಟರಿಗೆ ಏರಿಸಿದಳು. ಒಂದೂ ಹತ್ತಕ್ಕೆ ಉಸಿರು ನಿಮಿಷಕ್ಕೆ ಇಪ್ಪತ್ತಾರು. ಜ್ವರ ಮೂವತ್ತೇಳೂವರೆ. ಒಂದೂ ಇಪ್ಪತ್ತೈದಕ್ಕೆ ಎಕ್ಸ್‌ರೇಯವರು ಯಂತ್ರವನ್ನು ಮಂಚದ ಬಳಿಗೇ ತಳ್ಳಿಕೊಂಡು ಬಂದರು. ಬಲಗಡೆ ತಳದಲ್ಲಿ ಬೆರಳಗಲದ ಮಸುಕು. ಇದು ಈಗಿನದೋ ಬೆಳಗಿನ ಮೊಸರಿನದೋ ಹೇಳಲಾಗದು ಎಂದ ಸಿವರ್ಟ್. ಯೂರುನ್ ಪ್ರತಿ ಅಂಕಿಯನ್ನೂ ಹಾಳೆಯ ಆ ಒಂದೇ ಮನೆಯಲ್ಲಿ ಬರೆಯುತ್ತ ಹೋದಳು. ಮನೆ ತುಂಬಿ, ಅಂಕಿಗಳು ಗೆರೆ ದಾಟಿ ಪಕ್ಕದ ರೋಗಿಯ ಮನೆಗೆ ನುಗ್ಗುವುದನ್ನು ಕಂಡು ಗಾಬರಿಯಾಗಿ ಬೇರೆ ಹಾಳೆ ತೆಗೆದುಕೊಂಡಳು. ಅದರ ನೆತ್ತಿಯ ಮೇಲೆ, ನಿಯಮ ಗೊತ್ತಿದ್ದೂ, ಪೂರ್ತಿ ಹೆಸರು ಬರೆದಳು.

ಸಿಗ್ನೆಗೆ ಗಂಜಿ ಬಂತು. ಅವರು ತಿನ್ನಲಿಲ್ಲ. "ಆಮೇಲೆ," ಎಂದು ಬಟ್ಟಲು ದೂಡಿದರು.

ಎರಡು ಗಂಟೆಗೆ ಓಡ್ನಿ ಬಂದಳು. ಗುನ್‌ವೋರ್ ಅವರ ಒಬ್ಬಳೇ ಮಗಳು, ಮೀನು ಕಾರ್ಖಾನೆಯಲ್ಲಿ ಮೇಲ್ವಿಚಾರಕಿ. ಜಾಕೆಟ್ಟು ಬಿಚ್ಚುತ್ತಲೇ ತಾಯಿಯ ಮುಖದ ಮೇಲಿನ ಆಮ್ಲಜನಕದ ಕೊಳವೆಯನ್ನು ಕಂಡು ಒಂದು ತೋಳು ಒಳಗೆ ಒಂದು ಹೊರಗೆ ಹಾಗೇ ನಿಂತಳು.

"ಬೆಳಿಗ್ಗೆ ಇದು ಇರ್ಲಿಲ್ಲ."

ಯೂರುನ್ ಇದಕ್ಕೆ ಮಾತು ಜೋಡಿಸಿಟ್ಟುಕೊಂಡಿದ್ದಳು. ಸ್ಥಿತಿ ಸ್ವಲ್ಪ ಬದಲಾಗಿದೆ, ಪರೀಕ್ಷೆಗಳು ನಡೆಯುತ್ತಿವೆ, ಡಾಕ್ಟರು ಬಂದು ವಿವರಿಸುತ್ತಾರೆ. ಯಾವುದೂ ಸುಳ್ಳಲ್ಲ. ಎಲ್ಲವೂ ಅರ್ಧಂಬರ್ಧ ನಿಜ. ಸಿವರ್ಟ್ ಬರುವತನಕ ಕಾಯುವುದೂ ತಪ್ಪಾಗುತ್ತಿರಲಿಲ್ಲ. ಆದರೆ ಓಡ್ನಿ ಆಗಲೇ ತಾಯಿಯ ಕಡೆ ಬಾಗಿ, "ಊಟ ಮಾಡಿದ್ಯಾ ಅಮ್ಮ?" ಎಂದು ಕೇಳಿಬಿಟ್ಟಿದ್ದಳು. ಗುನ್‌ವೋರ್, "ಹೂಂ," ಎಂದರು. ಓಡ್ನಿಯ ಮುಖ ಅರಳಿತು.

"ಓಡ್ನಿ," ಎಂದಳು ಯೂರುನ್. "ಅವರಿಗೆ ಊಟ ಕೊಡಬಾರದಾಗಿತ್ತು. ಹನ್ನೊಂದೂವರೆಗೆ ನನಗೆ ಅದು ಗೊತ್ತಿತ್ತು. ನಾನು ಊಟಕ್ಕೆ ಹೋಗುವಾಗ ಚೀಟೀಲಿ ಒಂದೇ ಅಕ್ಷರ ಬರೆದು ಹೋದೆ. ಅದನ್ನ ಬೇರೆ ಥರ ಓದೋಕೂ ಆಗ್ತಿತ್ತು. ಅವರಿಗೆ ಗಂಜಿ ತಿನ್ನಿಸಿದಾರೆ. ಹನ್ನೊಂದು ಚಮಚ. ಎರಡು ಮೂರು ಚಮಚದಷ್ಟು ಬಾಯಿಂದ ತೆಗೆದ್ವಿ. ಉಳಿದಿದ್ದರಲ್ಲಿ ಸ್ವಲ್ಪ ಶ್ವಾಸಕೋಶಕ್ಕೆ ಹೋಗಿದೆ ಅನ್ಸತ್ತೆ. ಎಷ್ಟು ಅಂತ ಗೊತ್ತಿಲ್ಲ."

ಓಡ್ನಿ ಬಿಚ್ಚಿದ ತೋಳನ್ನು ಮತ್ತೆ ಜಾಕೆಟ್ಟಿನೊಳಗೆ ತೂರಿಸಿದಳು, ಚಳಿಯಾದವಳ ಹಾಗೆ.

"ಸಾಯ್ತಾಳಾ?"

"ಸಾಯಬಹುದು. ಸಾಯಲ್ಲ ಅಂತ ನಾನು ಹೇಳೋ ಹಾಗಿಲ್ಲ. ಸಂಜೆ ಹೊತ್ತಿಗೆ ಒಂದು ಅಂದಾಜು ಸಿಗತ್ತೆ."

"ಬರೆದಿದ್ದು ನೀನು."

"ಬರೆದಿದ್ದು ನಾನು."

"ತಿನ್ನಿಸಿದ್ದು?"

"ಅವಳು ಇಲ್ಲಿಯವಳಲ್ಲ. ನಾನು ಬರೆದಿದ್ದನ್ನ ಓದಿದ್ಲು ಅಷ್ಟೇ."

ಓಡ್ನಿ ಕುರ್ಚಿ ಎಳೆದುಕೊಂಡು ತಾಯಿಯ ಎಡಗೈ ಹಿಡಿದು ಕೂತಳು. ಮತ್ತೆ ಯೂರುನ್‌ಳ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಯೂರುನ್ ಚಿಮಟ ನೋಡಿದಳು, ಬರೆದಳು, ಕಾಲು ಗಂಟೆ ಕಳೆದು ಮತ್ತೆ ನೋಡಿದಳು. ಎರಡೂ ಹದಿನೈದಕ್ಕೆ ತೊಂಬತ್ತು. ಎರಡೂವರೆಗೆ ಎಂಬತ್ತೊಂಬತ್ತು, ನಾಲ್ಕು ಲೀಟರ್. ಜ್ವರ ಮೂವತ್ತೆಂಟೂ ಮೂರು. ಸಿವರ್ಟ್ ರಕ್ತನಾಳದಲ್ಲಿ ಆ್ಯಂಟಿಬಯಾಟಿಕ್ ಶುರುಮಾಡಿಸಿದ. ಎದೆಯ ವ್ಯಾಯಾಮದವಳು ಬಂದು ಗುನ್‌ವೋರ್‌ರನ್ನು ಎಡಮಗ್ಗುಲಿಗೆ ಹೊರಳಿಸಿ, ಬೆನ್ನಿಗೆ ಬಟ್ಟಲುಗೈಯಿಂದ ಹದವಾಗಿ ತಟ್ಟತೊಡಗಿದಳು. ಕೋಣೆಯಲ್ಲಿ ಆ ತಟ್ಟುವ ಸದ್ದೊಂದೇ.

ಮೂರಕ್ಕೆ ಪಾಳಿ ಬದಲಾಯಿತು. ಸಂಜೆಯವರು ಬಂದು ಕಂಪ್ಯೂಟರಿನ ಮುಂದೆ ಮೌನವಾಗಿ ಓದುತ್ತ ಕೂತರು. ಯೂರುನ್ ಏಳನೇ ಕೋಣೆಗೆ ಬರುವವಳ ಹೆಗಲು ಮುಟ್ಟಿ, "ಓದಿದ್ದು ಸಾಕು, ಬಾ," ಎಂದು ಕರೆದೊಯ್ದಳು. ಮಂಚದ ಪಕ್ಕ ನಿಂತು, ಓಡ್ನಿಯ ಎದುರಿಗೇ, ಬೆಳಗಿನ ಮೊಸರಿನಿಂದ ಹಿಡಿದು ಒಂದೊಂದನ್ನೂ ಬಾಯಿಬಿಟ್ಟು ಹೇಳಿದಳು. ಚಮಚಗಳ ಲೆಕ್ಕ ಹೇಳಿದಳು. ಎಲ್ಲಕ್ಕೂ ಹೂಂ ಎನ್ನುತ್ತಾರೆ, ಅದನ್ನು ಒಪ್ಪಿಗೆ ಎಂದು ತಿಳಿಯಬಾರದು ಎಂದೂ ಹೇಳಿದಳು. ಸಂಜೆಯವಳು ಬರೆದುಕೊಳ್ಳುತ್ತಿದ್ದಳು. ಯೂರುನ್ ಅವಳ ಪೆನ್ನನ್ನು ಹಿಂಬಾಲಿಸುತ್ತ, "ಅಲ್ಲಿ ಏನಂತ ಬರೆದೆ, ಓದು," ಎಂದು ಎರಡು ಸಲ ಕೇಳಿದಳು.

ತೋರಿಲ್ ಕೋಟು ಹಾಕಿಕೊಂಡು ಬಂದಳು. "ಮೇಲೆ ಹೇಳಿಬಂದೆ," ಎಂದಳು. "ಅಲ್ಲಿ ಯಾರೂ ನಂಬಲಿಲ್ಲ, ವ ಅಂದ್ರೆ ಕಿಟಕಿ ಅಂತ. ಮೂರ್ಖರ ಕಿಟಕಿ ಅಂದ್ರು." ಆಮೇಲೆ ಮೆಲ್ಲಗೆ, "ತಪ್ಪಿನ ವರದಿ ನೀನು ಬರೀತೀಯೋ ನಾನು ಬರೀಲೋ?"

ಇಬ್ಬರೂ ಸೇರಿ ಬರೆದರು. ನಮೂನೆಯಲ್ಲಿ 'ಕಾರಣ' ಎಂಬ ಚೌಕವಿತ್ತು. ತೋರಿಲ್ ಹೇಳತೊಡಗಿದಳು: ಬೇರೆ ವಾರ್ಡು, ಸಿಬ್ಬಂದಿ ಕೊರತೆ, ಫಲಕ ಇಲ್ಲ, ಪ್ರಿಂಟರ್ ಕೆಟ್ಟಿದೆ. ಎಲ್ಲವನ್ನೂ ಯೂರುನ್ ಬರೆದಳು. ಕೊನೆಯಲ್ಲಿ ಇನ್ನೊಂದು ಸಾಲು ಸೇರಿಸಿದಳು: 'ಒಂದು ಅಕ್ಷರ ಬರೆಯಲಾಯಿತು. ಪೂರ್ತಿ ಪದ ಬರೆಯಲು ಸಮಯವಿತ್ತು.' ತೋರಿಲ್ ಅದನ್ನು ಓದಿ, "ಓದಿದವಳಿಗೆ ಕೇಳೋಕೂ ಸಮಯವಿತ್ತು ಅಂತ ಬರಿ," ಎಂದಳು.

ಯೂರುನ್ ಮನೆಗೆ ಹೋಗಲಿಲ್ಲ. ಪಾಳಿ ಮುಗಿದ ಮೇಲೆ ಅವಳಿಗೆ ಗುನ್‌ವೋರ್ ಕಡತ ತೆರೆಯುವ ಹಕ್ಕಿಲ್ಲ. ಆದ್ದರಿಂದ ಕಂಪ್ಯೂಟರನ್ನು ಮುಟ್ಟಲಿಲ್ಲ, ಸಮವಸ್ತ್ರ ಮಾತ್ರ ಕಳಚಲಿಲ್ಲ. ಏಳನೇ ಕೋಣೆಯ ಹೊರಗೆ ಲಿನನ್ ಬೀರುವಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ತೆರೆದ ಬಾಗಿಲಿನಿಂದ ಉಸಿರಿನ ಸದ್ದು ಕೇಳುತ್ತಿದ್ದಳು. ಗಡಿಯಾರದ ಮುಳ್ಳು ನೋಡುತ್ತ ನಿಮಿಷಕ್ಕೆಷ್ಟು ಎಂದು ಎಣಿಸಿದಳು. ಇಪ್ಪತ್ತೆಂಟು. ಇಪ್ಪತ್ತೆಂಟು. ಇಪ್ಪತ್ತೇಳು. ನಾಲ್ಕೂವರೆಯ ಹೊತ್ತಿಗೆ ಒಳಗಿನಿಂದ ದೊಡ್ಡದೊಂದು ಕೆಮ್ಮು ಕೇಳಿಸಿತು. ಅವಳು ಎದ್ದು ನಿಂತಳು. ಇನ್ನೊಂದು ಕೆಮ್ಮು, ಆಳದಿಂದ ಬಂದದ್ದು, ಹಿಂದೆಯೇ ಯಂತ್ರದ ಗುರ್ರೆನ್ನುವ ಸದ್ದು. ಎರಡು ದಿನದಲ್ಲಿ ಗುನ್‌ವೋರ್ ಕೆಮ್ಮಿದ್ದು ಅದೇ ಮೊದಲು.

ಐದೂ ಹತ್ತಕ್ಕೆ ಸಿವರ್ಟ್ ಹೊರಬಂದ.

"ಮೂರು ಲೀಟರಿಗೆ ಇಳಿಸಿದೀವಿ, ತೊಂಬತ್ನಾಲ್ಕು ನಿಂತಿದೆ. ಒಳ್ಳೇ ಕಫ ಬಂತು, ಅದರಲ್ಲಿ ಅಕ್ಕಿ ಅಗುಳೂ ಇತ್ತು. ಜ್ವರ ಇದೆ. ರಾತ್ರಿ ಏನಾಗತ್ತೋ ಹೇಳಕ್ಕಾಗಲ್ಲ." ಕಣ್ಣುಜ್ಜಿಕೊಂಡ. "ಆದ್ರೆ ನಾನು ಮಧ್ಯಾಹ್ನ ಹೆದರಿದಷ್ಟು ಈಗ ಹೆದರ್ತಿಲ್ಲ."

ಅವನು ಹೋದ ಮೇಲೆ ಓಡ್ನಿ ಬಾಗಿಲಿಗೆ ಬಂದಳು. ಸ್ಟೂಲಿನ ಮೇಲಿದ್ದ ಯೂರುನ್‌ಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನಿನ್ನ ಪಾಳಿ ಮೂರಕ್ಕೆ ಮುಗೀತಲ್ಲ."

"ಹೌದು."

"ನಾಳೆ ಬರ್ತೀಯಾ?"

"ಏಳಕ್ಕೆ. ಬೇಡ ಅಂದ್ರೆ ಈ ಕೋಣೆ ಬೇರೆಯವರಿಗೆ ಕೊಡಕ್ಕೆ ಹೇಳ್ತೀನಿ. ನೀನು ಕೇಳಬಹುದು, ಅದು ನಿನ್ನ ಹಕ್ಕು."

ಓಡ್ನಿ ಯೋಚಿಸಿದಳು. ಒಳಗೆ ಗುನ್‌ವೋರ್ ಉಸಿರಾಡುತ್ತಿದ್ದರು. ಇಬ್ಬರೂ ಅದನ್ನು ಕೇಳಿಸಿಕೊಂಡರು.

"ಬೆಳಿಗ್ಗೆ ಅವಳ ದನಿ ಸರಿ ಇಲ್ಲ ಅಂತ ಕಂಡುಹಿಡಿದೋಳು ನೀನೇ ಅಂತೆ. ಸಂಜೆಯವಳು ಹೇಳಿದ್ಲು."

ಯೂರುನ್ ಸ್ಟೂಲಿನಿಂದ ಎದ್ದು ನಿಂತಳು.

"ನಿನ್ನ ಮೇಲೆ ನನಗೆ ಸಿಟ್ಟಿದೆ. ಅದು ಇವತ್ತು ನಾಳೆ ಹೋಗೋದಲ್ಲ. ಆದ್ರೆ ನಾಳೆ ಹೊಸಬರು ಬಂದು ಅವಳು ಹೂಂ ಅಂದಿದ್ದನ್ನ ನಂಬೋದು ನನಗೆ ಬೇಡ. ನೀನೇ ಬಾ." ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡಳು. "ಈಗ ಮನೆಗೆ ಹೋಗಿ ಮಲಕ್ಕೋ. ನಿದ್ದೆಗೆಟ್ಟವಳ ಕೈಗೆ ನಾನು ಅಮ್ಮನ್ನ ಕೊಡಲ್ಲ."

ಯೂರುನ್ ಸ್ಟೂಲನ್ನು ಮಡಚಿ ಬೀರುವಿನ ಹಿಂದೆ ಇಟ್ಟಳು. ಜೇಬಿನಲ್ಲಿದ್ದ ಎರಡೂ ಹಾಳೆಗಳನ್ನು ತೆಗೆದು, ಒಂದು ಸಲ ಓದಿ, ಬೀಗದ ಪೆಟ್ಟಿಗೆಗೆ ಹಾಕಿ, ಬಟ್ಟೆ ಬದಲಿಸಲು ಕೆಳಗಿಳಿದಳು.